ದನಿಗೆ ಗೆರೆ ಇಲ್ಲ

ನನ್ನ ಅಂಗಡಿ ಇರುವುದು ಮೆಟ್ಟಿಲ ಕೆಳಗೆ. ಅಂಗಡಿ ಎಂದರೆ ಒಂದೇ ಕೋಣೆ. ಮುಂದಿನ ಅರ್ಧದಲ್ಲಿ ಹೊಲಿಗೆ ಯಂತ್ರ, ಬಟ್ಟೆ ಕತ್ತರಿಸುವ ಮೇಜು. ಪರದೆಯ ಹಿಂದಿನ ಅರ್ಧದಲ್ಲಿ ಒಲೆ, ಹಾಸಿಗೆ, ದೇವರ ಗೂಡು. ಸೂರು ಓರೆಯಾಗಿದೆ, ಏಕೆಂದರೆ ಅದು ಸೂರಲ್ಲ, ಮೆಟ್ಟಿಲುಗಳ ಹೊಟ್ಟೆ. ಮೇಲಿನ ಎರಡು ಮನೆಯವರು ಹತ್ತುವುದು, ಇಳಿಯುವುದು ಎಲ್ಲ ನನ್ನ ನೆತ್ತಿಯ ಮೇಲೆ. ಇಪ್ಪತ್ತೆರಡು ಮೆಟ್ಟಿಲು, ಒಂದು ತಿರುವು, ಮತ್ತೆ ಇಪ್ಪತ್ತೆರಡು. ಇಲ್ಲಿ ಕೂತು ನಲವತ್ತೈದು ವರ್ಷವಾಯಿತು. ಯಾರು ಹತ್ತುತ್ತಿದ್ದಾರೆ, ಕೈಯಲ್ಲಿ ಭಾರ ಇದೆಯೋ ಇಲ್ಲವೋ, ಮನೆಯಲ್ಲಿ ಜಗಳವಾಡಿ ಇಳಿದರೋ ನಗುತ್ತ ಇಳಿದರೋ ಎಂಬುದು ಬಟ್ಟೆಯಿಂದ ಕಣ್ಣು ಎತ್ತದೆ ನನಗೆ ತಿಳಿಯುತ್ತಿತ್ತು. ಒಂದು ಕಾಲಕ್ಕೆ ಅದು ನನ್ನ ಜಂಬವಾಗಿತ್ತು.

ಈಗಲೂ ಬೆಳಿಗ್ಗೆ ಹತ್ತೂವರೆಗೆ ಒಂದು ಹೆಜ್ಜೆ ಹತ್ತುತ್ತದೆ. ಮೊದಲು ಕೊಡೆಯ ತುದಿ ಕಲ್ಲಿಗೆ ತಾಗುವ ಸದ್ದು, ಅದರ ಹಿಂದೆ ಕಾಲು. ಹನ್ನೊಂದನೆಯ ಮೆಟ್ಟಿಲಿಗೆ ಬಂದು ನಿಲ್ಲುತ್ತದೆ. ಮುಂದೆ ಹತ್ತುವುದಿಲ್ಲ, ಕೆಳಗೆ ಇಳಿಯುವುದೂ ಇಲ್ಲ. ಹೊರಗೆ ಹೋಗಿ ನೋಡಿದರೆ ಮೆಟ್ಟಿಲು ಖಾಲಿ. ಹಾಗೆ ಹತ್ತುತ್ತಿದ್ದವಳು ನನ್ನ ಗೆಳತಿ. ತೀರಿಕೊಂಡು ಏಳು ವರ್ಷವಾಗುತ್ತ ಬಂತು.

ಅವಳು ಊರಿನ ಆರೋಗ್ಯ ಇಲಾಖೆಯಲ್ಲಿ ಮನೆಮನೆ ತಿರುಗುವ ಕೆಲಸದವಳು. ಇಪ್ಪತ್ತೊಂದಕ್ಕೆ ಸೇರಿದಳು, ಅರವತ್ತಕ್ಕೆ ನಿವೃತ್ತಳಾದಳು. ಆಮೇಲೂ ಎರಡು ವರ್ಷ, ಯಾರೂ ಕೇಳದಿದ್ದರೂ, ಅದೇ ನಾಲ್ಕು ಬೀದಿಗಳಲ್ಲಿ ತಿರುಗಿದಳು. ನಾವಿಬ್ಬರೂ ಒಂದೇ ಗೋಡೆಯ ಆಚೆ ಈಚೆ ಹುಟ್ಟಿದವರು. ಅವಳು ಶಾಲೆಗೆ ಹೋದಳು, ನಾನು ಸೂಜಿ ಹಿಡಿದೆ. ಅದಕ್ಕೇ ಅವಳು ನನ್ನನ್ನು ಕೊನೆಯವರೆಗೂ ಸೂಜಿ ಎಂದೇ ಕರೆದಳು. ಯಾಕಮ್ಮ ಮದುವೆ ಆಗಲಿಲ್ಲ ಎಂದು ಯಾರಾದರೂ ಕೆದಕಿದರೆ, ನಾಲ್ಕು ಬೀದಿ ಕಟ್ಟಿಕೊಂಡಿದ್ದೀನಲ್ಲ, ಇನ್ನೊಂದು ಸಂಸಾರ ಎಲ್ಲಿಡಲಿ ಎನ್ನುತ್ತಿದ್ದಳು.

ಬೀದಿಯವರು ಅವಳಿಗೆ ಇಟ್ಟ ಹೆಸರು ಗೆರೆಯಕ್ಕ. ಮನೆಗೆ ಹೋಗಿ ಬಂದದ್ದಕ್ಕೆ ಬಾಗಿಲ ಚೌಕಟ್ಟಿನ ಮೇಲೆ ಸೀಮೆಸುಣ್ಣದಲ್ಲಿ ಒಂದು ಗುರುತು ಹಾಕಬೇಕು, ಇಲಾಖೆ ಹೇಳಿದ್ದು ಅಷ್ಟೇ. ಇವಳು ಅದಕ್ಕೆ ತನ್ನದೇ ಕಟ್ಟಳೆ ಸೇರಿಸಿಕೊಂಡಳು. ಮೇಲೆ ತಾರೀಖು. ಅದರ ಕೆಳಗೆ ಮನೆಯಲ್ಲಿ ಎಷ್ಟು ಜನ ಎಂಬ ಅಂಕಿ. ಅದರ ಕೆಳಗೆ ಗೆರೆಗಳು, ಕಣ್ಣಾರೆ ಕಂಡ ಒಬ್ಬೊಬ್ಬರಿಗೆ ಒಂದೊಂದು. ಯಾರೂ ಸಿಗದಿದ್ದರೆ ಸೊನ್ನೆ. ಸಂಜೆ ಮತ್ತೆ ಬರಬೇಕು ಎಂದು ಅದರ ಅರ್ಥ. ಐದು ಜನರ ಮನೆಯಲ್ಲಿ ನಾಲ್ಕು ಗೆರೆ ಬಿದ್ದರೆ ಅವಳಿಗೆ ಊಟ ಸೇರುತ್ತಿರಲಿಲ್ಲ. ಮಲಗಿದ್ದಾರೆ, ಅಂಗಡಿಗೆ ಹೋಗಿದ್ದಾರೆ, ಚೆನ್ನಾಗಿಯೇ ಇದ್ದಾರೆ ಎಂಬ ಯಾವ ಮಾತೂ ನಡೆಯುತ್ತಿರಲಿಲ್ಲ.

ಒಮ್ಮೆ ದಿನಸಿ ಅಂಗಡಿಯ ಯಜಮಾನರು ಬಚ್ಚಲಿನಿಂದಲೇ ಕೂಗಿದರಂತೆ, "ಇದ್ದೀನಮ್ಮ, ಗಟ್ಟಿಮುಟ್ಟಾಗಿದ್ದೀನಿ, ಒಂದು ಗೆರೆ ಎಳ್ಕೊಂಡು ಹೋಗು."

"ದನಿಗೆ ಗೆರೆ ಇಲ್ಲ ಯಜಮಾನ್ರೇ. ಆಚೆ ಬನ್ನಿ."

"ಹೀಗೇ ಬರ್ಲಾ?"

"ನಿಮ್ಮಿಷ್ಟ. ನನಗೆ ಮುಖ ಸಾಕು."

ಅವರು ಟವೆಲು ಸುತ್ತಿಕೊಂಡು, ಕಿವಿಯಲ್ಲಿ ಸೋಪಿನ ನೊರೆಯ ಸಮೇತ ಬರುವ ತನಕ ಹೊಸ್ತಿಲಲ್ಲೇ ನಿಂತಿದ್ದಳು. ಬೀದಿಯೆಲ್ಲ ತಿಂಗಳುಗಟ್ಟಲೆ ಅದನ್ನೇ ಹೇಳಿ ನಕ್ಕಿತು. ಆದರೆ ಅದೇ ಹಟದಿಂದ ಮೂಲೆಮನೆಯ ಮೇಷ್ಟ್ರು ಬದುಕಿದರು. ಸೊಸೆ, ಮಾವ ಮಲಗಿದ್ದಾರೆ ಎಂದಳು. ಇವಳು, ಮಲಗಿದ ಮುಖವನ್ನೇ ತೋರಿಸು ಎಂದು ಒಳಗೆ ಹೋದಳು. ಮೇಷ್ಟ್ರ ಬಾಯಿ ಒಂದು ಕಡೆಗೆ ವಾಲಿತ್ತು, ಎಡಗೈ ಬಿದ್ದುಹೋಗಿತ್ತು. ಅರ್ಧ ಗಂಟೆಯಲ್ಲಿ ಆಸ್ಪತ್ರೆ ಸೇರಿಸಿದಳು. ಅವರು ಆಮೇಲೆ ಹದಿನಾಲ್ಕು ವರ್ಷ ಬದುಕಿ, ಅವಳು ಬರೆಯುವ ಐದರ ಅಂಕಿ ಐದರ ಹಾಗಿಲ್ಲ ಎಂದು ವಾರವಾರವೂ ತಗಾದೆ ತೆಗೆದರು.

ಮಹಡಿ ಮನೆಗಳ ಗುರುತು ಮಾತ್ರ ಬಾಗಿಲ ಮೇಲೆ ಇರುತ್ತಿರಲಿಲ್ಲ. ಗುರುತು ತಪಾಸಣೆಗೆ ಬರುವ ಇನ್ಸ್‌ಪೆಕ್ಟರರಿಗೆ ಮೈ ಭಾರ. ಮೆಟ್ಟಿಲು ಹತ್ತಲು ಒಲ್ಲರು. ಅವರ ಅನುಕೂಲಕ್ಕೆ ಮೇಲಿನ ಮನೆಗಳ ಗೆರೆಗಳನ್ನು ಮೆಟ್ಟಿಲ ಬುಡದ ಗೋಡೆಯ ಮೇಲೆ, ನನ್ನ ಬಾಗಿಲ ಪಕ್ಕದಲ್ಲೇ ಎಳೆಯುವ ರೂಢಿ ಬಿತ್ತು. ಎಲ್ಲ ಆದದ್ದು ಆ ಸಣ್ಣ ಅನುಕೂಲದಿಂದ ಎಂದು ಒಮ್ಮೊಮ್ಮೆ ಅನ್ನಿಸುತ್ತದೆ. ಆಮೇಲೆ, ಅದೂ ನಾನು ನನಗೆ ಹೇಳಿಕೊಳ್ಳುವ ನೆಪವೇ ಎಂದು ತಿಳಿಯುತ್ತದೆ.

ಮೇಲಿನ ಒಂದು ಮನೆಯಲ್ಲಿ ಬೈಂಡಿಂಗ್ ಅಕ್ಕ ಮತ್ತು ಅವಳ ತಮ್ಮ ಇದ್ದರು. ತಾಯಿತಂದೆ ಇಲ್ಲದ ಮಕ್ಕಳು. ಅವಳು ಅಚ್ಚುಕೂಟದಲ್ಲಿ ಹಾಳೆ ಮಡಚಿ ಹೊಲಿಯುತ್ತಿದ್ದಳು. ಅವಳಿಗಿಂತ ಹದಿನಾಲ್ಕು ವರ್ಷ ಚಿಕ್ಕವನಾದ ತಮ್ಮನನ್ನು ಎತ್ತಿ ಆಡಿಸಿದವಳೂ ಅವಳೇ, ಅದೇ ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸುವ ಕೆಲಸಕ್ಕೆ ಹಚ್ಚಿದವಳೂ ಅವಳೇ. ಮಸಿ ಹೆಚ್ಚಾಗಿ ಕೆಟ್ಟುಹೋದ ಹಾಳೆಗಳನ್ನು, ಅಳತೆ ಕತ್ತರಿಸಲು ಬರುತ್ತದೆ ತಗೋ ಎಂದು ನನಗೆ ತಂದುಕೊಡುತ್ತಿದ್ದಳು. ತೋಳಿನ ಆಕಾರಕ್ಕೆ, ಕಾಲರಿನ ಆಕಾರಕ್ಕೆ ಕತ್ತರಿಸಿದ ಆ ಹಾಳೆಗಳ ಮೇಲೆಯೇ ನಾನು ಅಕ್ಷರ ಕಲಿತೆ. ತಿಳಿಯದ್ದನ್ನು ಕೇಳಿದರೆ ಅವಳು ಮೆಟ್ಟಿಲ ಮೇಲೆ ಕೂತು ಹೇಳಿಕೊಡುತ್ತಿದ್ದಳು. ಇವತ್ತು ಇದನ್ನು ಬರೆಯುತ್ತಿರುವುದು ಅವಳು ಕೊಟ್ಟ ಅಕ್ಷರದಿಂದ.

ಚಪ್ಪಲಿ ಬೇಗ ಸವೆಯುತ್ತದೆಂದು ಅವಳು ಹಿಮ್ಮಡಿಗೆ ಕಬ್ಬಿಣದ ಲಾಳ ಹೊಡೆಸಿಕೊಂಡಿದ್ದಳು. ಕಲ್ಲಿನ ಮೇಲೆ ಅದರ ಸದ್ದು ಬೇರೆ ಯಾರ ಸದ್ದಿನ ಹಾಗೂ ಇರಲಿಲ್ಲ. ನಿದ್ದೆಯಲ್ಲಿದ್ದರೂ ನನಗೆ ಗುರುತು ಸಿಗುತ್ತಿತ್ತು.

ಆ ವರ್ಷ ಊರಿನಲ್ಲಿ ಜ್ವರ ಎದ್ದಿತು. ಎಲ್ಲೋ ಕೊಳವೆ ಒಡೆದು ನೀರು ಕೆಟ್ಟಿತ್ತು. ಮೊದಲ ಎರಡು ದಿನ ಸಾಮಾನ್ಯ ಜ್ವರದ ಹಾಗೆ ಮೈ ಬಿಸಿ, ಮೂರನೆಯ ದಿನ ನಾಲಿಗೆ ಒಣಗಿ ಮಾತು ತೊದಲುವುದು. ಅಷ್ಟರೊಳಗೆ ಆಸ್ಪತ್ರೆ ಸೇರಿದವರು ಉಳಿಯುತ್ತಿದ್ದರು. ಇಲಾಖೆ ದಿನಕ್ಕೆ ನೂರ ನಲವತ್ತು ಮನೆ ಎಂದು ಕಟ್ಟುನಿಟ್ಟು ಮಾಡಿತು. ಗೆರೆಯಕ್ಕ ಹತ್ತೊಂಬತ್ತು ದಿನ ರಜೆ ಇಲ್ಲದೆ ತಿರುಗಿದಳು. ಹತ್ತೊಂಬತ್ತನೆಯ ದಿನ ಮಂಗಳವಾರ. ಮಧ್ಯಾಹ್ನ ನನ್ನ ಅಂಗಡಿಗೆ ಬಂದು ಮುಕ್ಕಾಲಿಯ ಮೇಲೆ ಕುಸಿದಳು. ಅಂಗಾಲಿನ ಬೊಕ್ಕೆಗಳು ಒಡೆದು ರಕ್ತ ಬಂದಿತ್ತು. ನಾನು ಬಕೆಟ್ಟಿನಲ್ಲಿ ನೀರಿಟ್ಟು ಅವಳ ಕಾಲನ್ನು ಅದರಲ್ಲಿ ಇಳಿಬಿಟ್ಟೆ. ಸ್ವಲ್ಪ ಹೊತ್ತಿಗೆ ಅವಳು ಕಾಲು ಒರೆಸಿಕೊಂಡು ಎದ್ದಳು.

"ಮೇಲೆ ಒಂದು ಬಾಕಿ ಇದೆ. ತಮ್ಮನ್ನ ಅಚ್ಚುಕೂಟದ ಬಾಗಿಲಲ್ಲಿ ದೂರದಿಂದ ನೋಡ್ದೆ. ಅಕ್ಕ ರಜೆಯಂತೆ."

"ಕೂತ್ಕೋ. ನಲವತ್ನಾಲ್ಕು ಮೆಟ್ಟಿಲು ಹತ್ತೋ ಕಾಲಾ ಇದು? ಅಕ್ಕ ಚೆನ್ನಾಗಿದ್ದಾಳೆ. ಬೆಳಿಗ್ಗೆಯಿಂದ ನಾಲ್ಕು ಸಲ ನಲ್ಲಿಗೆ ಇಳಿದು ನೀರು ತಗೊಂಡು ಹೋದ್ಲು."

"ನೋಡಿದ್ಯಾ?"

"ಕೇಳ್ದೆ. ಆ ಲಾಳದ ಸದ್ದು ನನಗೆ ಗೊತ್ತಿಲ್ವಾ? ಜ್ವರದವರು ನಾಲ್ಕು ಸಲ ಕೊಡ ಹೊರ್ತಾರಾ?"

ಅವಳು ನಕ್ಕಳು. "ನಿನ್ನ ಕಿವಿಗೆ ಗೆರೆ ಎಳೀಲಾ ಸೂಜಿ?"

"ಎಳಿ. ದೇವರಾಣೆ ಅವಳೇ."

ಆ ಆಣೆ ಹಾಕದೆ ಇದ್ದಿದ್ದರೆ ಅವಳು ಖಂಡಿತ ಹತ್ತುತ್ತಿದ್ದಳು. ನಾನು ಸುಮ್ಮಸುಮ್ಮನೆ ಆಣೆ ಹಾಕುವವಳಲ್ಲ ಎಂದು ಅವಳಿಗೆ ಗೊತ್ತಿತ್ತು. ಹೊರಗೆ ಹೋಗಿ ಗೋಡೆಯ ಮೇಲೆ ತಾರೀಖು ಬರೆದಳು, ಎರಡು ಎಂದು ಬರೆದಳು, ಎರಡು ಗೆರೆ ಎಳೆದಳು. ಸೀಮೆಸುಣ್ಣ ಗೋಡೆಗೆ ಉಜ್ಜುವ ಸದ್ದು ನನಗೆ ಒಳಗೆ ಕೇಳಿಸಿತು. ಕುಂಟುತ್ತ ಹೋದ ಅವಳನ್ನು ನೋಡಿ, ಒಂದು ಒಳ್ಳೆಯ ಕೆಲಸ ಮಾಡಿದೆ ಎಂದುಕೊಂಡೆ.

ಬೈಂಡಿಂಗ್ ಅಕ್ಕ ಆ ಹೊತ್ತು ಮೇಲೆ ಜ್ವರದಲ್ಲಿ ಮಲಗಿದ್ದಳು. ಬೆಳಿಗ್ಗೆ ತಮ್ಮ ಅವಳಿಗೆ ನೀರು ಕುಡಿಸಿ, ಒದ್ದೆಬಟ್ಟೆ ಹಾಕಿ, ಇವತ್ತು ಗೆರೆಯಕ್ಕ ಬರುವ ದಿನ, ನೋಡಿ ಹೇಳುತ್ತಾಳೆ ಎಂದು ಧೈರ್ಯ ತಂದುಕೊಂಡು ಕೆಲಸಕ್ಕೆ ಹೋಗಿದ್ದ. ಸಂಜೆ ಬಂದು ಗೋಡೆ ನೋಡಿದ. ಎರಡು ಗೆರೆ. ಅಕ್ಕನನ್ನು ನೋಡಿ ಹೋಗಿದ್ದಾಳೆ, ಭಯಪಡುವಂಥದ್ದಿದ್ದರೆ ಬಿಡುತ್ತಿದ್ದಳೇ ಎಂದುಕೊಂಡ. ಆ ಗೆರೆಯನ್ನು ನಂಬಿ ಎರಡು ದಿನ ಕಾದ. ಗುರುವಾರ ಅವಳನ್ನು ಬೆನ್ನ ಮೇಲೆ ಹೊತ್ತು ಇಳಿಸಿದ. ಅಷ್ಟು ಭಾರದ ಹೆಜ್ಜೆಯನ್ನು ನಾನು ಆ ಮೆಟ್ಟಿಲ ಮೇಲೆ ಅದುವರೆಗೆ ಕೇಳಿರಲಿಲ್ಲ. ಆಸ್ಪತ್ರೆಯ ಬಾಗಿಲು ಮುಟ್ಟುವ ಮುಂಚೆ ಅವಳು ಹೋದಳು. ಎರಡು ದಿನ ಮೊದಲು ತಂದಿದ್ದರೆ ಎಂದು ಡಾಕ್ಟರು ಹೇಳಿದರು. ತಮ್ಮನಿಗೆ ಆಗ ಹತ್ತೊಂಬತ್ತು.

ವಿಚಾರಣೆ ಇಲಾಖೆಯ ಮೇಲಿನ ಕೋಣೆಯಲ್ಲಿ ನಡೆಯಿತು. ನಾನು ಎಲ್ಲವನ್ನೂ ಹೇಳಿಬಿಡಬೇಕೆಂದು ಹೋಗಿ ಬಾಗಿಲ ಹೊರಗಿನ ಬೆಂಚಿನ ಮೇಲೆ ಕೂತಿದ್ದೆ. ಬಾಗಿಲು ಅರ್ಧ ತೆರೆದಿತ್ತು. ಮೊದಲು ತಮ್ಮನನ್ನು ಕೇಳಿದರು. ಅವತ್ತು ಬೆಳಿಗ್ಗೆ ಏನೇನು ಮಾಡಿದೆ, ಒಂದೂ ಬಿಡದೆ ಹೇಳು ಎಂದರು. ಅವನು ಹೇಳುತ್ತ ಹೋದ. ನಾಲ್ಕು ಸಲ ನಲ್ಲಿಗೆ ಇಳಿದು ನೀರು ತಂದನಂತೆ. ತನ್ನ ಚಪ್ಪಲಿಯ ಉಂಗುಷ್ಠ ಹಿಂದಿನ ದಿನವೇ ಕಿತ್ತಿತ್ತು, ಬಾಗಿಲಲ್ಲಿದ್ದ ಅಕ್ಕನ ಚಪ್ಪಲಿಯನ್ನೇ ಮೆಟ್ಟಿಕೊಂಡು ಇಳಿದೆ ಎಂದ.

ಆ ಮಾತಿನ ತೂಕ ಕೇಳುತ್ತಿದ್ದ ಅಧಿಕಾರಿಗಳಿಗೆ ತಿಳಿಯಲಿಲ್ಲ, ಅವನಿಗೂ ತಿಳಿಯಲಿಲ್ಲ. ಬೆಂಚಿನ ಮೇಲಿದ್ದ ನನಗೆ ತಿಳಿಯಿತು. ಒಳಗೆ ಗೆಳತಿ ತಲೆ ತಿರುಗಿಸಿ ಬಾಗಿಲ ಸಂದಿನಲ್ಲಿ ನನ್ನನ್ನೇ ನೋಡುತ್ತಿದ್ದಳು. ಅವಳಿಗೂ ಆ ಕ್ಷಣದಲ್ಲೇ ತಿಳಿದಿತ್ತು.

ಆಮೇಲೆ ಅವಳನ್ನು ಕೇಳಿದರು. ನಾನು ಮೇಲೆ ಹತ್ತಲಿಲ್ಲ, ನೋಡದೆ ಗೆರೆ ಎಳೆದೆ ಎಂದಳು. ಯಾರಾದರೂ ಏನಾದರೂ ಹೇಳಿದರೇ ಎಂದಾಗ, ಗೆರೆ ನನ್ನದು ಎಂದಷ್ಟೇ ಹೇಳಿದಳು. ಹೊರಗೆ ಬಂದು ನನ್ನ ಮಣಿಕಟ್ಟು ಹಿಡಿದು ಬೀದಿಯ ತುದಿಯವರೆಗೆ ಎಳೆದುಕೊಂಡು ಹೋದಳು.

"ಬಾಯಿ ಬಿಡಬೇಡ."

"ಎಲ್ಲಾ ನನ್ನಿಂದ ಆಗಿದ್ದು. ನಾನು ಹೋಗಿ ಹೇಳ್ತೀನಿ."

"ಏನಂತ ಹೇಳ್ತೀಯ? ನಿನ್ನ ಹೆಜ್ಜೆ ಕೇಳಿ ನಿನ್ನ ಅಕ್ಕ ಅಂದ್ಕೊಂಡೆ ಅಂತ ಆ ಹುಡುಗನಿಗೆ ಹೇಳ್ತೀಯಾ? ಅಕ್ಕನಿಗೆ ನೀರು ತಂದಿದ್ದೇ ಅವಳನ್ನ ಕೊಂದಿತು ಅಂತ ಅವನಿಗೆ ಗೊತ್ತಾದ್ರೆ ಅವನು ಉಳೀತಾನಾ? ಅವನ ಸಿಟ್ಟು ನನ್ನ ಮೇಲೇ ಇರಲಿ. ಸಿಟ್ಟಿದ್ರೆ ಮನುಷ್ಯ ಎದ್ದು ಓಡಾಡ್ತಾನೆ ಸೂಜಿ."

ನಾನು ಮಾತು ಕೊಟ್ಟೆ. ಈ ಸಲ ದೇವರ ಹೆಸರು ತೆಗೆಯಲಿಲ್ಲ, ಅವಳೂ ಕೇಳಲಿಲ್ಲ.

ಅವಳನ್ನು ಮೂರು ವರ್ಷ ಊರಾಚೆಗೆ ವರ್ಗ ಮಾಡಿದರು. ಮೇಲ್ವಿಚಾರಕಿಯಾಗುವ ಸರದಿ ಬಂದಾಗಲೆಲ್ಲ ಆ ಕಡತ ಎದ್ದು ಬಂತು. ಹೊಸದಾಗಿ ಸೇರಿದವರಿಗೆ ಅವಳ ಎದುರಿನಲ್ಲೇ, ನೋಡದೆ ಗೆರೆ ಎಳೆದರೆ ಏನಾಗುತ್ತದೆ ಗೊತ್ತೇ ಎಂದು ಪಾಠ ಹೇಳಿದರು. ಅವಳು ಹಳೆಯ ಬೀದಿಗಳಿಗೆ ಮತ್ತೆ ಹಾಕಿಸಿಕೊಂಡು ಬಂದಳು, ಎಂದಿನ ಹಾಗೆ ಮುಖ ನೋಡಿ ಗೆರೆ ಎಳೆದಳು. ಯಾರ ಮಗಳು ಔಷಧಿ ಬಿಟ್ಟಿದ್ದಾಳೆ, ಯಾರ ಬಸುರಿ ಸೊಸೆ ಉಣ್ಣುತ್ತಿಲ್ಲ ಎಂಬುದೆಲ್ಲ ಮನೆಯವರಿಗಿಂತ ಮೊದಲು ಅವಳಿಗೆ ತಿಳಿಯುತ್ತಿತ್ತು. ನನ್ನಂಗಡಿಯ ಮುಕ್ಕಾಲಿಯ ಮೇಲೆ ಚಹಾ ಕುಡಿಯುತ್ತ ಅದನ್ನೆಲ್ಲ ಹೇಳುವಳು. ನಾನು ಕೇಳಿಸಿಕೊಳ್ಳುವೆ. ಕೇಳಿಸಿಕೊಳ್ಳುವುದಷ್ಟೇ ನನಗೆ ಬರುವುದು. ಆ ಒಂದು ವಿಷಯ ಮಾತ್ರ ನಮ್ಮಿಬ್ಬರ ನಡುವೆ ಎಂದೂ ಬರಲಿಲ್ಲ.

ಎರಡು ಬದಲಾವಣೆಗಳಾದವು. ಒಂದು, ಪ್ರತಿ ಮಂಗಳವಾರ ಹತ್ತೂವರೆಗೆ ಅವಳು ಆ ನಲವತ್ತನಾಲ್ಕು ಮೆಟ್ಟಿಲು ಹತ್ತಿ ತಮ್ಮನ ಬಾಗಿಲನ್ನು ಕೊಡೆಯ ಹಿಡಿಯಿಂದ ತಟ್ಟುತ್ತಿದ್ದಳು. ಅವನು ಒಳಗಿದ್ದರೂ ತೆರೆಯುತ್ತಿರಲಿಲ್ಲ. ಒಮ್ಮೆಯೂ ತೆರೆಯಲಿಲ್ಲ. ಅವಳು ಇಳಿದು ಬಂದು ಬುಡದ ಗೋಡೆಯ ಮೇಲೆ ತಾರೀಖು ಬರೆದು, ಒಂದು ಎಂದು ಬರೆದು, ಸೊನ್ನೆ ಹಾಕುವಳು. ಸಂಜೆ ಮತ್ತೆ ಬರುವಳು, ಮತ್ತೆ ಸೊನ್ನೆ. ಕೊನೆಕೊನೆಗೆ ಹನ್ನೊಂದನೆಯ ಮೆಟ್ಟಿಲಲ್ಲಿ ನಿಂತು ಉಸಿರು ತಿದ್ದಿಕೊಳ್ಳುತ್ತಿದ್ದಳು. ನನ್ನ ತಲೆಯ ಮೇಲೆಯೇ ಆ ಏದುಸಿರು. ಯಾಕೆ ಹತ್ತುತ್ತೀಯೆ, ಅವನು ಆರೋಗ್ಯವಾಗಿದ್ದಾನೆ ಎಂದರೆ, ಗೊತ್ತು, ನಾನು ಬಂದೆ ಅಂತ ಅವನಿಗೆ ಗೊತ್ತಾಗಬೇಕಲ್ಲ ಎನ್ನುತ್ತಿದ್ದಳು.

ಇನ್ನೊಂದು ನನ್ನ ವಿಷಯದಲ್ಲಿ. ಮೊದಲೆಲ್ಲ ಒಳಗಿನಿಂದ ನಾನು ಓ ಎಂದರೆ ಸಾಕು, ನಗುತ್ತ ನನ್ನ ಗೆರೆ ಎಳೆಯುತ್ತಿದ್ದಳು. ಆಮೇಲೆ ಎಂದೂ ಹಾಗೆ ಮಾಡಲಿಲ್ಲ. ಯಂತ್ರ ನಿಲ್ಲಿಸಲು ಹೇಳಿ, ಹೊಸ್ತಿಲ ಹೊರಗೆ ಕರೆದು, ಗದ್ದ ಹಿಡಿದು ಮುಖವನ್ನು ಬಿಸಿಲಿಗೆ ತಿರುಗಿಸುವಳು. "ಬೆಳಕಿಗೆ ಬಾ, ನೋಡ್ಬೇಕು." ಅದರಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಹಗುರಾಗುತ್ತಿತ್ತು. ಮೂವತ್ತು ವರ್ಷ, ವಾರಕ್ಕೊಂದು ಸಲ, ನಾನು ಬೆಳಕಿಗೆ ಬಂದು ನಿಂತೆ. ತಪ್ಪು ನನ್ನದು ಎಂಬುದನ್ನು ಅವಳ ಎದುರಿಗೆ ಒಮ್ಮೆಯೂ ಹೇಳಲಿಲ್ಲ. ದೇವರ ಮುಂದೆ ದಿನಾ ಹೇಳುತ್ತಿದ್ದೆ. ಅವನಿಗೆ ಮೊದಲೇ ಗೊತ್ತಿದ್ದದ್ದನ್ನು ಹೇಳುವುದು ಏನು ದೊಡ್ಡದು.

ಅವಳು ಒಂದು ಮಂಗಳವಾರ ನನ್ನ ಗೆರೆ ಎಳೆದು ಹೋದವಳು ಶುಕ್ರವಾರ ಎದೆನೋವಿನಿಂದ ತೀರಿಕೊಂಡಳು. ಆ ಗೆರೆ ಚೌಕಟ್ಟಿನ ಮೇಲೆ ಇನ್ನೂ ಇದೆ. ಮಂಗಳವಾರದ ಹತ್ತೂವರೆಯ ಹೆಜ್ಜೆ ಆಗ ದಿನದಿನದ್ದಾಯಿತು.

ಬೀದಿಯ ಕೊನೆಯ ಸರಕಾರಿ ಚಿಕಿತ್ಸಾಲಯದಲ್ಲಿ, ತೂಕದ ಯಂತ್ರದ ಮೇಲಿನ ಗೋಡೆಗೆ ಅವಳ ಪಟ ಹಾಕಿದರು. ಬೀದಿಯವರೆಲ್ಲ ಸೇರಿ ಹಾಕಿದ್ದು. ದಿನಸಿ ಯಜಮಾನರ ಮಗ ಬಚ್ಚಲಿನ ಕತೆ ಹೇಳಿದ, ಜನ ನಗುತ್ತ ಕಣ್ಣೊರೆಸಿಕೊಂಡರು. ಅದಾದ ಒಂದು ತಿಂಗಳಿಗೆ ಚಿಕಿತ್ಸಾಲಯದ ಹೊಸ ನರ್ಸು ಸಮವಸ್ತ್ರದ ಅಂಚು ಬಿಡಿಸಲು ನನ್ನಲ್ಲಿಗೆ ಬಂದವಳು ಮಾತು ತೆಗೆದಳು. ಮಹಡಿಯ ತಮ್ಮನಿಗೆ ಸಕ್ಕರೆ ಕಾಯಿಲೆ ಇತ್ತು, ಬಲಗಾಲಿನಲ್ಲಿ ಹುಣ್ಣಾಗಿತ್ತು. ವಾರಕ್ಕೆ ಎರಡು ಸಲ ತೊಳೆದು ಪಟ್ಟಿ ಕಟ್ಟಬೇಕು. ಪಟ ಹಾಕಿದ ದಿನದಿಂದ ಅವನು ಬಂದೇ ಇಲ್ಲ. ಅವಳ ಮುಖದ ಕೆಳಗೆ ಕಾಲು ಚಾಚಿ ಕೂರುವುದಿಲ್ಲ ಎಂದನಂತೆ. ಬೇರೆ ಆಸ್ಪತ್ರೆ ದೂರ, ಆ ಕಾಲಿನಲ್ಲಿ ಆಗದು.

"ನಾನು ಪಟ ಇಳಿಸಿ ಹೇಳಿ ಕಳಿಸ್ದೆ ಅಕ್ಕ. ಅದಕ್ಕೆ ಏನಂದ್ರು ಗೊತ್ತಾ? ಪಟ ಇಳಿಸಿದ್ರೆ ಗೋಡೇಲಿರೋ ಮೊಳೆ ಹೋಯ್ತಾ ಅಂದ್ರು. ಹೀಗೇ ಬಿಟ್ರೆ ಕಾಲು ತೆಗೀಬೇಕಾಗತ್ತೆ. ಕಾಲಷ್ಟೇ ಹೋದ್ರೆ ಪುಣ್ಯ."

ಆ ವಾರವೆಲ್ಲ ನಾನು ಹೊಲಿದದ್ದನ್ನೇ ಬಿಚ್ಚಿ ಹೊಲಿದೆ. ಹೇಳಿದರೆ ಕೊಟ್ಟ ಮಾತು ಮುರಿಯುತ್ತದೆ. ಹೇಳದಿದ್ದರೆ ಅವಳು ಮೂವತ್ತಮೂರು ವರ್ಷ ಕಾದಿಟ್ಟ ಮನುಷ್ಯ ಅವಳ ಮೇಲಿನ ಸಿಟ್ಟಿನಿಂದಲೇ ಹೋಗುತ್ತಾನೆ. ಹತ್ತೂವರೆಗೆ ಹೆಜ್ಜೆ ಹತ್ತುವುದು, ಹನ್ನೊಂದರಲ್ಲಿ ನಿಲ್ಲುವುದು. ನೀನೇ ಹೇಳೇ, ಏನು ಮಾಡಲಿ ಎಂದು ಸೂರಿನ ಕಡೆ ನೋಡಿ ಕೇಳಿದೆ. ಅವಳು ನಿಂತೇ ಇದ್ದಳು. ಅವಳು ಹತ್ತಲಾರದ ಉಳಿದ ಮೆಟ್ಟಿಲನ್ನು ಯಾರಾದರೂ ಹತ್ತಬೇಕು ಎಂಬುದಷ್ಟು ನನಗೆ ಅರ್ಥವಾಯಿತು.

ಮಂಗಳವಾರ ದೇವರಿಗೆ ಕೈಮುಗಿದು ಎದ್ದೆ. ಹನ್ನೊಂದನೆಯ ಮೆಟ್ಟಿಲನ್ನು ತುಳಿಯದೆ ದಾಟಿದೆ.

ಅವನು ಬಾಗಿಲು ತೆರೆದ. ನನಗೆ ತೆರೆಯದಿರಲು ಕಾರಣವಿರಲಿಲ್ಲ; ಅವನ ಅಂಗಿಗಳನ್ನೆಲ್ಲ ಹೊಲಿದವಳು ನಾನು. ಮೊಳೆ ಜೋಡಿಸುವ ಕೆಲಸ ಹೋಗಿ ಬಹಳ ಕಾಲವಾಗಿತ್ತು, ಮನೆಯಲ್ಲೇ ಕೂತು ಪ್ರೂಫ್ ತಿದ್ದುತ್ತಿದ್ದ. ಮೇಜಿನ ತುಂಬ ಹಾಳೆ, ಮುಕ್ಕಾಲಿಯ ಮೇಲೆ ಹಳೆಯ ಪಂಚೆಯ ತುಂಡು ಸುತ್ತಿದ ಕಾಲು. ಕೋಣೆಯಲ್ಲಿ ಹುಣ್ಣಿನ ವಾಸನೆ. ನಾನು ನಿಂತುಕೊಂಡೇ ಹೇಳಿದೆ.

"ತಮ್ಮಾ, ಅವತ್ತು ಅವಳು ಮೇಲೆ ಹತ್ತೋಕೆ ಎದ್ದಿದ್ಲು. ಕೂರಿಸಿದ್ದು ನಾನು. ನಿನ್ನ ಅಕ್ಕ ಓಡಾಡ್ತಿದ್ದಾಳೆ, ಹೆಜ್ಜೆ ಕೇಳ್ದೆ ಅಂದೆ. ದೇವರಾಣೆ ಹಾಕ್ದೆ. ಅದನ್ನ ನಂಬಿ ಗೆರೆ ಎಳೆದ್ಲು."

ಅವನು ಪೆನ್ನಿನ ಮುಚ್ಚಳ ಹಾಕಿದ. ತೆಗೆದ. ಮತ್ತೆ ಹಾಕಿದ.

"ಯಾರ ಹೆಜ್ಜೆ?"

 ಆಣೆ ಹಾಕಿ ತಪ್ಪು ಹೇಳಿದ ನಾಲಿಗೆ, ಈಗ ಆಣೆ ಇಲ್ಲದೆ ಸುಳ್ಳು ಹೇಳಿತು.

"ಯಾರದ್ದೂ ಅಲ್ಲ. ಯಂತ್ರದ ಸದ್ದಲ್ಲಿ ಏನೋ ಕೇಳಿಸಿತು, ನಿನ್ನ ಅಕ್ಕ ಅಂದ್ಕೊಂಡೆ. ನನ್ನ ಕಿವಿಯ ಜಂಬ."

ಅವನು ಪೆನ್ನನ್ನು ಹಾಳೆಗಳ ಮೇಲೆ ಇಟ್ಟ. "ಮೂವತ್ಮೂರು ವರ್ಷ ನಿಮ್ಮ ಬಾಗಿಲ ಮುಂದೇನೇ ಹತ್ತಿ ಇಳಿದಿದ್ದೀನಿ. ನನ್ನ ಅಂಗಿಗೆ ಗುಂಡಿ ಹಾಕಿ ಕೊಟ್ಟಿದ್ದೀರಿ."

"ಹೌದು."

"ಅವಳ ಬದಲು ನೀವು ಬಾಗಿಲು ತಟ್ಟಬೇಕಿತ್ತು."

"ಹೌದು."

"ಇಳಿದು ಹೋಗಿ ಟೈಲರಕ್ಕ."

"ಹೋಗ್ತೀನಿ. ನೀನು ಪಟ್ಟಿ ಕಟ್ಟಿಸ್ಕೊಳ್ಳೋಕೆ ಹೋಗ್ತೀಯಾ?"

"ಅಲ್ಲಿಗೆ ನೀವು ಬರ್ತೀರಾ?"

"ಇಲ್ಲ. ಇನ್ನು ಬರಲ್ಲ."

"ಹಾಗಾದ್ರೆ ಹೋಗ್ತೀನಿ."

ಮಾರನೆಯ ದಿನ ಬೆಳಿಗ್ಗೆ ಕುಂಟುವ ಹೆಜ್ಜೆ ಇಳಿಯಿತು. ನಲವತ್ತನಾಲ್ಕೂ ಇಳಿಯಿತು. ನನ್ನ ಬಾಗಿಲ ಮುಂದೆ ನಿಲ್ಲದೆ, ಬೀದಿಯ ಕೊನೆಯ ಕಡೆಗೆ ಹೋಯಿತು. ಆಮೇಲೆ ಆರು ವರ್ಷ ಅವನು ವಾರಕ್ಕೆ ಎರಡು ಸಲ ಹೋದ. ಎರಡು ಬೆರಳು ಕಳೆದುಕೊಂಡ, ಕಾಲು ಉಳಿಯಿತು. ಪಟ ಮತ್ತೆ ಗೋಡೆಗೇರಿತು. ಅದನ್ನು ಹಾಕು ಎಂದು ಅವನೇ ಹೇಳಿದನೆಂದು ನರ್ಸು ಬಂದು ಹೇಳಿದಳು. ನನ್ನ ಜೊತೆ ಮಾತ್ರ ಒಂದು ಮಾತೂ ಆಡಲಿಲ್ಲ. ಅಂಗಿಯನ್ನು ಎರಡು ಬೀದಿ ಆಚೆ ಹೊಲಿಸಿದ, ತೋಳು ಯಾವಾಗಲೂ ಗಿಡ್ಡ. ನನ್ನ ರಕ್ತದೊತ್ತಡದ ಮಾತ್ರೆಗಳನ್ನು ನರ್ಸು ಮನೆಗೇ ತಂದುಕೊಟ್ಟಳು. ಸಿಟ್ಟಿದ್ದರೆ ಮನುಷ್ಯ ಎದ್ದು ಓಡಾಡುತ್ತಾನೆ. ಆ ಸಿಟ್ಟನ್ನು ಅವಳು ಹೊತ್ತ ಹಾಗೆ ಈಗ ನಾನು ಹೊತ್ತಿದ್ದೇನೆ, ಆ ಹೆಜ್ಜೆ ತನ್ನದೇ ಎಂದು ಅವನಿಗೆ ಗೊತ್ತಿಲ್ಲ ಎಂಬುದೊಂದೇ ನನ್ನ ಸಮಾಧಾನವಾಗಿತ್ತು.

ಕಳೆದ ವರ್ಷ ಅವನು ನಿದ್ದೆಯಲ್ಲೇ ಹೋದ. ಹಿಂದೆ ಮುಂದೆ ಯಾರೂ ಇರಲಿಲ್ಲ. ಮನೆ ಖಾಲಿ ಮಾಡಲು ನರ್ಸು ನನ್ನನ್ನು ಕರೆದಳು. ಪುಸ್ತಕಗಳನ್ನು ಕಟ್ಟಿದೆವು, ಪಾತ್ರೆಗಳನ್ನು ಇಳಿಸಿದೆವು. ಮಂಚದ ಕೆಳಗೆ ತಗಡಿನ ಪೆಟ್ಟಿಗೆ, ಅದರಲ್ಲಿ ಹಾಳೆಯಲ್ಲಿ ಸುತ್ತಿಟ್ಟ ಒಂದು ಜೊತೆ ಹೆಂಗಸರ ಚಪ್ಪಲಿ. ಬಿಚ್ಚುವ ಮೊದಲೇ ನನಗೆ ಗೊತ್ತಾಯಿತು. ಚರ್ಮ ಒಣಗಿ ಸೊಟ್ಟಗಾಗಿತ್ತು. ತಿರುವಿ ನೋಡಿದೆ. ಎರಡೂ ಹಿಮ್ಮಡಿಗಳಲ್ಲಿ ಲಾಳ ಇರಲಿಲ್ಲ. ಮೊಳೆ ಕಿತ್ತ ಸಣ್ಣ ಸಣ್ಣ ತೂತುಗಳು, ಇಕ್ಕಳ ಜಾರಿ ಚರ್ಮದ ಮೇಲೆ ಬಿದ್ದ ಗೀರು.

ಸತ್ತವಳ ಚಪ್ಪಲಿಯ ಲಾಳವನ್ನು ಯಾರೂ ಸುಮ್ಮನೆ ಕೀಳುವುದಿಲ್ಲ. ಅವನಿಗೆ ಗೊತ್ತಿತ್ತು.

ಯಾವಾಗ ಗೊತ್ತಾಯಿತು ಎಂಬುದು ನನಗೆ ತಿಳಿಯಬೇಕಾಗಿತ್ತು. ಸುತ್ತಿದ ಹಾಳೆಯನ್ನು ಕಿಟಕಿಗೆ ಹಿಡಿದು ತಾರೀಖು ಹುಡುಕಿದೆ. ಅದು ಯಾವುದೋ ಲೆಕ್ಕದ ಪುಸ್ತಕದ ಖಾಲಿ ಹಾಳೆ. ನಾನು ಹತ್ತಿ ಹೋಗುವ ಮೊದಲೇ ಗೊತ್ತಿದ್ದರೆ, ಯಾರ ಹೆಜ್ಜೆ ಎಂದು ಅವನು ಕೇಳಿದ್ದು ನಾನು ಹೇಳುತ್ತೇನೋ ಇಲ್ಲವೋ ನೋಡಲಿಕ್ಕೆ. ಆಮೇಲೆ ಗೊತ್ತಾಗಿದ್ದರೆ, ಅದನ್ನು ಗೊತ್ತುಮಾಡಿದವಳು ನಾನೇ. ಅವಳು ಜೀವಮಾನವೆಲ್ಲ ಮುಚ್ಚಿಟ್ಟಿದ್ದನ್ನು ನಾನು ಐದು ನಿಮಿಷದಲ್ಲಿ ಅವನ ಕೈಗೆ ಕೊಟ್ಟು ಬಂದಿದ್ದೆ. ಹುಣ್ಣಿನ ಕಾಲಿನಲ್ಲಿ ಮಂಚದಿಂದ ಇಳಿದು, ಇಕ್ಕಳ ಹುಡುಕಿ, ಅವನು ಒಬ್ಬನೇ ಕೂತು ಆ ಕಬ್ಬಿಣ ಕಿತ್ತಿರಬೇಕು. ಕೆಳಗೆ ಯಂತ್ರ ತುಳಿಯುತ್ತಿದ್ದ ನನಗೆ ಆ ಸದ್ದು ಕೇಳಿಸಲಿಲ್ಲ.

ನೋಯುವವರು ಯಾರೂ ಉಳಿದಿಲ್ಲವೆಂದು ಈಗ ಇದನ್ನು ಬರೆದಿದ್ದೇನೆ. ಈ ನರ್ಸು ಗೆರೆ ಎಳೆಯುವುದಿಲ್ಲ, ಫೋನಿನಲ್ಲಿ ಒತ್ತಿಕೊಂಡು ಹೋಗುತ್ತಾಳೆ. ಆದರೂ ಒಳ್ಳೆಯ ಹುಡುಗಿ. ಒಳಗಿನಿಂದ ಓ ಎಂದರೆ ಒಪ್ಪುವುದಿಲ್ಲ. ಯಾರು ಹೇಳಿಕೊಟ್ಟರು ಎಂದು ಕೇಳಿದೆ. ಬೀದಿಯವರೇ ತಾವಾಗಿ ಆಚೆ ಬಂದು ನಿಲ್ತಾರೆ ಅಕ್ಕ, ನಾನು ಕರೀಲೂ ಬೇಕಿಲ್ಲ ಎಂದಳು.

ನಾನೂ ನಿಲ್ಲುತ್ತೇನೆ. ಹತ್ತೂವರೆಗೆ ಕೊಡೆಯ ತುದಿ ಕಲ್ಲಿಗೆ ತಾಗಿದ ಕೂಡಲೇ ಯಂತ್ರ ನಿಲ್ಲಿಸುತ್ತೇನೆ. ಹೊಸ್ತಿಲು ದಾಟಿ ಬಿಸಿಲಿಗೆ ಮುಖ ಮಾಡಿ ನಿಲ್ಲುತ್ತೇನೆ. ಮೆಟ್ಟಿಲ ಮೇಲಿನ ಹೆಜ್ಜೆ ಹನ್ನೊಂದಕ್ಕೆ ಬಂದು ನಿಲ್ಲುತ್ತದೆ. ಅಲ್ಲಿಂದ ಅವಳಿಗೆ ನನ್ನ ಮುಖ ಕಾಣುವ ಹಾಗಿಲ್ಲ. ಇಳಿದು ಬಂದು ನೋಡಲಿ ಎಂದು ಕಾಯುತ್ತೇನೆ.